ಹಳೆಯ ಪೆಟ್ರೋಲ್ ಕಾರು ಕೊಟ್ಟು ಹೈಬ್ರಿಡ್ ತೆಗೆದುಕೊಳ್ಳಬೇಕಾ?

ಪ್ರಶ್ನೆ: ನಮ್ಮದು 2007ರ ಮಾರುತಿ 800. ಇಂದಿಗೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಇದನ್ನು ಕೊಟ್ಟು ಹೈಬ್ರಿಡ್ ತೆಗೆದುಕೊಳ್ಳೋಣ ಅಂತ ಮಗ ಹೇಳುತ್ತಿದ್ದಾನೆ. ಅಷ್ಟೆಲ್ಲ ವಯರಿಂಗು, ಕಂಪ್ಯೂಟರು ಇರುವ ಕಾರು ನಮ್ಮ ಊರಿಗೆ ಸರಿಯಾದೀತಾ? ಬ್ಯಾಟರಿ ಕೆಟ್ಟರೆ ಏನು ಗತಿ?
(ಪೆರ್ಲದ ಓದುಗರು)

ಉತ್ತರ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ತಿಂಗಳಿಗೆ ಐನೂರು ಕಿಲೋಮೀಟರ್ ಓಡುವ ಮನೆಯ ಕಾರಿಗೆ, ಪೆಟ್ರೋಲ್ ಉಳಿಸಲೆಂದು ಮಾತ್ರ ಹೈಬ್ರಿಡ್ ಬೇಡ. ದಿನಾ ಮಂಗಳೂರಿಗೆ ಹೋಗಿ ಬರುವವರಿದ್ದರೆ ಮಾತು ಬೇರೆ. ಆದರೆ 800 ಬಿಡುವುದಕ್ಕೆ ಮೈಲೇಜಿಗಿಂತ ದೊಡ್ಡ ಕಾರಣ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಕರೆಂಟಿನ ಮೋಟರೂ ಇರುವ ಕಾರು. ಶೋರೂಮಿನಲ್ಲಿ ‘ಸ್ಮಾರ್ಟ್ ಹೈಬ್ರಿಡ್’, ‘ಮೈಲ್ಡ್ ಹೈಬ್ರಿಡ್’ ಅಂದರೆ ಅದು ಹೆಚ್ಚುಕಡಿಮೆ ಸಾದಾ ಪೆಟ್ರೋಲ್ ಕಾರೇ. ಸಣ್ಣ ಮೋಟರ್ ಒಂದು ಇಂಜಿನಿಗೆ ಸ್ವಲ್ಪ ಕೈ ಹಿಡಿಯುತ್ತದೆ, ಅಷ್ಟೆ. ಬರೀ ಬ್ಯಾಟರಿಯಲ್ಲಿ ಕಾರು ಓಡುವುದಿಲ್ಲ. ‘ಸ್ಟ್ರಾಂಗ್ ಹೈಬ್ರಿಡ್’ ಮಾತ್ರ ನಿಜಕ್ಕೂ ಬೇರೆ ಯಂತ್ರ, ಅದು ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೂ ಓಡುತ್ತದೆ. ಟೊಯೋಟ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಿಟ್ಟಾಗ ಇದು ಶುರುವಾಯಿತು. ನಮ್ಮಲ್ಲಿ 2022ರಲ್ಲಿ ಬಂದ ಟೊಯೋಟ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಹೈಬ್ರಿಡ್ ಮಾದರಿಗಳು ಇದೇ ಜಾತಿಯವು. ನಾನಿಲ್ಲಿ ಹೇಳುವುದೆಲ್ಲ ಇವುಗಳ ಬಗ್ಗೆ.

ಈಗ ಎರಡೂ ಕಾರಿನ ಬಾನೆಟ್ ಎತ್ತಿ ನೋಡೋಣ.

800ರಲ್ಲಿ ಮೂರು ಸಿಲಿಂಡರಿನ 796 ಸಿಸಿ ಇಂಜಿನ್. ಪಕ್ಕದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದನ್ನು ತಿರುಗಿಸುವ ಬೆಲ್ಟ್, ಸೆಲ್ಫ್ ಮೋಟರ್, ಕ್ಲಚ್ ಕೇಬಲ್. ಎಲ್ಲ ಕಣ್ಣಿಗೆ ಕಾಣುತ್ತದೆ, ಕೈ ಹಾಕಿದರೆ ಸಿಗುತ್ತದೆ. ಊರಿನ ಯಾವ ಗ್ಯಾರೇಜಿನವರೂ ಒಂದು ಸೆಟ್ ಸ್ಪ್ಯಾನರಿನಲ್ಲಿ ಕೆಲಸ ಮುಗಿಸುತ್ತಾರೆ. ಈ ಕಾರು 2014ರಲ್ಲಿ ನಿಂತಿತು. ಆದರೂ ಅದರ ಕೆಲಸ ಬಲ್ಲ ಕೈಗಳು ನಮ್ಮಲ್ಲಿ ಇನ್ನೂ ಇವೆ.

ಹೈರೈಡರಿನ ಬಾನೆಟ್ ಎತ್ತಿದರೆ ಎದ್ದು ಕಾಣುವುದು ದಪ್ಪನೆಯ ಕಿತ್ತಳೆ ಬಣ್ಣದ ವಯರ್‌ಗಳು. ಅವುಗಳಲ್ಲಿ ಹೈ ವೋಲ್ಟೇಜ್ ಕರೆಂಟ್ ಇರುತ್ತದೆ. ತರಬೇತಿ ಇಲ್ಲದವರು ಮುಟ್ಟಲೇಬಾರದು. ಆದರೆ ಏನೇನು ಇಲ್ಲ ಅನ್ನುವುದನ್ನೂ ನೋಡಿ. ಆಲ್ಟರ್ನೇಟರ್ ಇಲ್ಲ. ಅದರ ಬೆಲ್ಟೂ ಇಲ್ಲ. ಸೆಲ್ಫ್ ಮೋಟರ್ ಇಲ್ಲ. ಕ್ಲಚ್ ಇಲ್ಲ, ಒಂದು ಎರಡು ಮೂರು ಅಂತ ಹಾಕುವ ಗೇರೂ ಇಲ್ಲ. ಎರಡು ಮೋಟರ್‌ಗಳು, ಒಂದು ಇಂಜಿನ್, ನಡುವೆ ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುವ ಒಂದು ಗೇರ್ ಸೆಟ್. ಇಂಜಿನಿನ ಶಕ್ತಿ ಚಕ್ರಕ್ಕೆ ಎಷ್ಟು, ಬ್ಯಾಟರಿಗೆ ಎಷ್ಟು ಅಂತ ಕಂಪ್ಯೂಟರ್ ಹಂಚುತ್ತದೆ. ಹಾಗಾಗಿ ‘ಹಳೆಯದು ಸರಳ, ಹೊಸದು ಗೋಜಲು’ ಅನ್ನುವುದು ಪೂರ್ತಿ ಸರಿಯಲ್ಲ. ಸವೆಯುವ ಭಾಗಗಳು ಹೈಬ್ರಿಡ್‌ನಲ್ಲಿ ಕಡಿಮೆ. ಕಾರು ನಿಧಾನಿಸುವಾಗ ಮೋಟರೇ ಹಿಡಿದು ಕರೆಂಟ್ ಮಾಡುವುದರಿಂದ ಬ್ರೇಕ್ ಪ್ಯಾಡ್ ಕೂಡ ಜಾಸ್ತಿ ಬಾಳುತ್ತದೆ. ಆದರೆ ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಆಗುವುದಿಲ್ಲ. ಕಾಸರಗೋಡಿಗೋ ಮಂಗಳೂರಿಗೋ ಸಾಗಿಸಬೇಕು. ಕೊಂಡುಕೊಳ್ಳುವ ಮೊದಲು ಯೋಚಿಸಬೇಕಾದ್ದು ಇದನ್ನೇ.

ಇನ್ನು ಬ್ಯಾಟರಿ. ಎಲ್ಲರಿಗೂ ಹೆದರಿಕೆ ಇದರದ್ದೇ. ಇದು ಎಲೆಕ್ಟ್ರಿಕ್ ಕಾರಿನಂಥ ದೊಡ್ಡ ಬ್ಯಾಟರಿ ಅಲ್ಲ. ಹೈರೈಡರಿನದ್ದರಲ್ಲಿ ಹಿಡಿಸುವ ಕರೆಂಟ್ ಒಂದು ಯೂನಿಟ್ಟಿಗಿಂತಲೂ ಕಡಿಮೆ. ಟ್ಯಾಂಕ್ ಅಲ್ಲ, ಚೆಂಬು. ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಮನೆಯಲ್ಲಿ ಚಾರ್ಜಿಗೆ ಹಾಕುವುದು ಇಲ್ಲವೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಎರಡು ದಿನ ಕರೆಂಟ್ ಹೋದರೂ ಕಾರಿಗೆ ಏನೂ ಆಗುವುದಿಲ್ಲ. ಈ ಬ್ಯಾಟರಿಗೆ ಟೊಯೋಟ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಪೂರ್ತಿ ಚಾರ್ಜ್ ಆಗಲೂ ಬಿಡದೆ, ಪೂರ್ತಿ ಇಳಿಯಲೂ ಬಿಡದೆ ಕಂಪ್ಯೂಟರ್ ಕಾಯುವುದರಿಂದ ಇವು ಚೆನ್ನಾಗಿಯೇ ಬಾಳುತ್ತವೆ. ಆದರೆ ವಾರಂಟಿ ಮುಗಿದ ಮೇಲೆ ಕೆಟ್ಟರೆ ಖರ್ಚು ದೊಡ್ಡದೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಜನ ಮರೆಯುವುದು ಇನ್ನೊಂದು ಬ್ಯಾಟರಿಯನ್ನು. ಹೈಬ್ರಿಡ್‌ನಲ್ಲೂ ಮಾಮೂಲಿ 12 ವೋಲ್ಟಿನ ಬ್ಯಾಟರಿ ಇದೆ. ಅದು ಇಳಿದರೆ ಕಾರು ಏಳುವುದೇ ಇಲ್ಲ. 800 ಆದರೆ ತಳ್ಳಿ ಸ್ಟಾರ್ಟ್ ಮಾಡಬಹುದು, ಇದನ್ನು ತಳ್ಳಿ ಪ್ರಯೋಜನ ಇಲ್ಲ. ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಕಾರಾದರೆ ಇದು ನೆನಪಿರಲಿ. ಮತ್ತೆ, ಅಡಿಕೆ ತೋಟದ ನಡುವಿನ ಮನೆಗಳಿಗೆ ಇಲಿ ಕಾಟ. ಹಳೆಯ ಕಾರಿನ ವಯರ್ ಕಡಿದರೆ ಜೋಡಿಸಿ ಟೇಪ್ ಸುತ್ತಿದರಾಯಿತು. ಹೈಬ್ರಿಡ್‌ನಲ್ಲಿ ಇಡೀ ವಯರಿಂಗ್ ಸೆಟ್ಟನ್ನೇ ಬದಲಿಸಬೇಕಾಗಿ ಬರಬಹುದು. ಇಲಿ ಕಡಿದದ್ದು ವಿಮೆಯಲ್ಲಿ ಸೇರುತ್ತದಾ ಅಂತ ಪಾಲಿಸಿ ಮಾಡಿಸುವಾಗಲೇ ಕೇಳಿಕೊಳ್ಳಿ.

ಲೆಕ್ಕಕ್ಕೆ ಬರೋಣ. ಒಂದೇ ಕಾರಿನ ಸಾದಾ ಪೆಟ್ರೋಲ್ ಮಾದರಿಗೂ ಹೈಬ್ರಿಡ್ ಮಾದರಿಗೂ 3 ಲಕ್ಷ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಸಾದಾ ಕಾರು ಲೀಟರಿಗೆ 15 ಕಿಲೋಮೀಟರ್, ಹೈಬ್ರಿಡ್ 22, ಪೆಟ್ರೋಲ್ ಲೀಟರಿಗೆ 105 ರೂಪಾಯಿ. (ಕಂಪೆನಿ ಹೇಳುವುದು 27.97. ಅದು ಪರೀಕ್ಷಾ ಕೇಂದ್ರದ ಅಂಕಿ, ನಮ್ಮ ರಸ್ತೆಯದ್ದಲ್ಲ.) ವರ್ಷಕ್ಕೆ 6,000 ಕಿಲೋಮೀಟರ್ ಓಡಿದರೆ ಉಳಿಯುವುದು ಸುಮಾರು 127 ಲೀಟರ್, ಅಂದರೆ 13 ಸಾವಿರ ಚಿಲ್ಲರೆ. ಕೊಟ್ಟ ದುಡ್ಡು ಹಿಂದೆ ಬರಲು 22 ವರ್ಷ! ಅದೇ 24,000 ಕಿಲೋಮೀಟರ್ ಓಡಿದರೆ ವರ್ಷಕ್ಕೆ 53 ಸಾವಿರ ಉಳಿಯುತ್ತದೆ, ಆರು ವರ್ಷದೊಳಗೆ ದುಡ್ಡು ಹುಟ್ಟುತ್ತದೆ. ಕಡಿಮೆ ರೇಟಿಗೆ ಅಂತ ತಲಪಾಡಿ ಗಡಿ ದಾಟಿ ಕರ್ನಾಟಕದ ಪಂಪಿನಲ್ಲಿ ಹಾಕಿಸುವವರಿಗೆ ಉಳಿತಾಯ ಇನ್ನೂ ಸ್ವಲ್ಪ ಕಡಿಮೆ.

ಎಷ್ಟು ಓಡುತ್ತೀರಿ ಅನ್ನುವಷ್ಟೇ ಎಲ್ಲಿ ಓಡುತ್ತೀರಿ ಅನ್ನುವುದೂ ಮುಖ್ಯ. ಹೈಬ್ರಿಡ್‌ನ ಲಾಭ ನಿಂತು ನಿಂತು ಹೋಗುವ ಕಡೆ. ಸರ್ವಿಸ್ ರೋಡಿನ ಬ್ಲಾಕು, ಮಂಗಳೂರಿನ ಪಂಪ್‌ವೆಲ್, ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಕಾಸರಗೋಡು ಪೇಟೆ, ಇಲ್ಲೆಲ್ಲ ಇಂಜಿನ್ ಆಫ್ ಆಗಿಯೇ ಕಾರು ತೆವಳುತ್ತದೆ. ಹೆದ್ದಾರಿ 66ರಲ್ಲಿ 90ರ ವೇಗದಲ್ಲಿ ಒಂದೇ ಸಮನೆ ಹೋದರೆ ಅಷ್ಟು ವ್ಯತ್ಯಾಸ ಸಿಗುವುದಿಲ್ಲ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಮಾತ್ರ ಅಂದರೂ ಅಷ್ಟೆ. ಇಂಜಿನ್ ಬಿಸಿಯಾಗುವಷ್ಟರಲ್ಲಿ ಪೇಟೆ ಬಂದಿರುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ಆಮೇಲೆ ಇಂಜಿನೇ ಕಾರನ್ನು ಹಿಡಿಯಬೇಕು. ಅದಕ್ಕೆಂದೇ ಗೇರ್ ಲಿವರಿನಲ್ಲಿ ‘ಬಿ’ ಅನ್ನುವ ಸ್ಥಾನ ಇದೆ, ಬ್ರೇಕ್ ಕಾಯಿಸದೆ ಅದನ್ನು ಬಳಸಿ.

ಹಾಗಾದರೆ 800 ಇಟ್ಟುಕೊಳ್ಳಬಹುದಾ? ಯಂತ್ರದ ದೃಷ್ಟಿಯಿಂದ ಧಾರಾಳ. ಈಗ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಪೆಟ್ರೋಲ್ ಪೈಪುಗಳನ್ನು ಒಮ್ಮೆ ನೋಡಿಸಿ, ಬಿರುಕು ಕಂಡರೆ ಬದಲಿಸಿ. ಎಥನಾಲ್ ನೀರಿನ ಪಸೆ ಎಳೆಯುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. 2022ರಲ್ಲಿ ಮಾಡಿಸಿದ ನೋಂದಣಿ ನವೀಕರಣ ಐದೇ ವರ್ಷದ್ದು, ಮತ್ತೆ ಮಾಡಿಸಬೇಕು. ಹಳೆಯ ಗಾಡಿಗಳಿಗೆ ಹಾಕುವ ಹಸಿರು ತೆರಿಗೆಯೂ ಇದೆ.

ಆದರೆ ನಿಮ್ಮ 800ರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ಕಾಯುವ ಎಬಿಎಸ್ ಇಲ್ಲ. ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದೇ 2019ರಲ್ಲಿ. ಪೆರ್ಲ ಪೇಟೆಗೆ ಹೋಗಿ ಬರಲು ಆ ಕಾರು ಸಾಕು. ಆರು ಪಥದ ಹೆದ್ದಾರಿಯಲ್ಲಿ, ಮಳೆಯಲ್ಲಿ, ಟ್ಯಾಂಕರ್‌ಗಳ ನಡುವೆ ಮನೆಮಂದಿಯನ್ನು ಕೂರಿಸಿಕೊಂಡು ದೇರಳಕಟ್ಟೆ ಆಸ್ಪತ್ರೆಗೆ ಹೋಗಲು ಸಾಲದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಗನ ಮಾತಿನಲ್ಲಿ ನಿಜ ಇರುವುದು ಇಲ್ಲಿ. ಆದರೆ ಅದಕ್ಕೆ ಹೈಬ್ರಿಡ್ಡೇ ಆಗಬೇಕೆಂದಿಲ್ಲ. 2025ರಿಂದ ಆಲ್ಟೊ ಕೆ10, ವ್ಯಾಗನ್ ಆರ್‌ಗಳಲ್ಲೇ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರೆ. ಅದೇ ವರ್ಷ ಸೆಪ್ಟೆಂಬರಿನಿಂದ ಇಂಥ ಸಣ್ಣ ಕಾರುಗಳಿಗೆ ಜಿಎಸ್‌ಟಿ ಶೇಕಡಾ 18. ನಾಲ್ಕು ಮೀಟರ್ ದಾಟಿದ ಹೈರೈಡರಿನಂಥ ಹೈಬ್ರಿಡ್‌ಗಳಿಗೆ 40. ನಿಮ್ಮ ಓಡಾಟ ಕಡಿಮೆಯಾದರೆ ಸಣ್ಣ ಪೆಟ್ರೋಲ್ ಕಾರೇ ಸರಿ. ಊರಿನ ಗ್ಯಾರೇಜಿನವರಿಗೂ ಅದರ ಕೆಲಸ ಗೊತ್ತು.

ಮಗ ದಿನಾ ಮಂಗಳೂರಿಗೆ ಓಡಾಡುವುದಾದರೆ ಹೈಬ್ರಿಡ್ ತೆಗೆದುಕೊಳ್ಳಿ. ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತರುವುದಾದರೆ ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ, ಸರ್ವಿಸ್ ಎಲ್ಲ ಕಂಪೆನಿಯಲ್ಲೇ ಆಗಿದೆಯಾ ನೋಡಿ. ಕರ್ನಾಟಕದ ಎನ್‌ಒಸಿ (ಕಾರನ್ನು ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ), ಕೇರಳದ ತೆರಿಗೆ ಎರಡನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಹೊಸದಾದರೆ ಟೆಸ್ಟ್ ಡ್ರೈವಿಗೆ ಕಾರನ್ನು ಮನೆಗೇ ತರಿಸಿ. ನಾಲ್ಕು ಜನ ಕೂತು ನಿಮ್ಮ ತೋಟದ ಚಡಾವು ಹತ್ತಿಸಿ, ಅಡಿ ತಾಗುತ್ತದಾ, ಇಂಜಿನ್ ಎಷ್ಟು ಅರಚುತ್ತದೆ ಅಂತ ನೋಡಿಯೇ ಮುಂಗಡ ಕೊಡಿ.