8.6.8.6 ಅಂದರೆ ಮಾತ್ರೆ ಅಲ್ಲ: ಕ್ರೈಸ್ತ ಭಕ್ತಿಗೀತೆಗಳ ಬಗ್ಗೆ ಒಂದು ಟಿಪ್ಪಣಿ

ನಿನ್ನೆ ರಾತ್ರಿ ಎರಡು ತಾಸು ತಿಂದ ಲೆಕ್ಕ ಇದು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಐಸಾಕ್ ವಾಟ್ಸ್ (1674–1748) ಇಂಗ್ಲಿಷಿನಲ್ಲಿ ಈ ಹಾಡುಗಳಿಗೆ ದಾರಿ ಹಾಕಿಕೊಟ್ಟವನು. ಚಾರ್ಲ್ಸ್ ವೆಸ್ಲಿ ಬರೆದದ್ದು 6000ಕ್ಕೂ ಹೆಚ್ಚು. ಜಾನ್ ನ್ಯೂಟನ್ ಗುಲಾಮರ ಹಡಗಿನ ಕಪ್ತಾನನಾಗಿದ್ದು ಆಮೇಲೆ ಪಾದ್ರಿಯಾದವನು. ಅವನ ‘ಅಮೇಜಿಂಗ್ ಗ್ರೇಸ್’ ಅಚ್ಚಾದದ್ದು 1779ರಲ್ಲಿ. ‘ನನ್ನಂಥ ಪಾಪಿಯನ್ನೂ ಉಳಿಸಿತು’ ಅನ್ನುವ ದನಿ ಅದರದು. ವಚನ ಓದಿ ಬೆಳೆದ ನಮಗೆ ತನ್ನನ್ನೇ ಜರೆದುಕೊಳ್ಳುವ ಈ ದನಿ ಹೊಸದೇನಲ್ಲ.

ನಾನು ಎಡವಿದ್ದು ಇಲ್ಲಿ

ಇಂಗ್ಲಿಷ್ ಗೀತೆಪುಸ್ತಕಗಳಲ್ಲಿ ಹಾಡಿನ ಜೊತೆ 8.6.8.6 ಎಂಬಂಥ ಅಂಕಿ ಇರುತ್ತದೆ. ಪಿಯುಸಿಯಲ್ಲಿ ಕಲಿತ ಚಾಳಿ, ನಾನು ಮಾತ್ರೆ ಎಣಿಸಿದೆ: ಚಿಕ್ಕ ಉಚ್ಚಾರಕ್ಕೆ (ಲಘು) 1, ಉದ್ದದ್ದಕ್ಕೆ (ಗುರು) 2. ಅ (1) ಮೇ (2) ಜಿಂಗ್ (2) ಗ್ರೇಸ್ (2) ಹೌ (2) ಸ್ವೀಟ್ (2) ದ (1) ಸೌಂಡ್ (2). ಒಟ್ಟು 14! ನಮ್ಮ ಭಾಮಿನಿ ಷಟ್ಪದಿಯ ಮೊದಲ ಸಾಲಿಗೂ 14 ಮಾತ್ರೆಯೇ. ಕುಣಿದಾಡಿದೆ. ಗಣ (ಮಾತ್ರೆಗಳ ಗುಂಪು) ಬಿಡಿಸಿದಾಗ ಬಣ್ಣ ಬಯಲಾಯಿತು. ಭಾಮಿನಿಗೆ 3-4-3-4 ಬೇಕು, ಇಲ್ಲಿ ಬಂದದ್ದು 3-4-4-3. ಎರಡನೇ ಸಾಲು 14ರ ಬದಲು 11 ಮಾತ್ರೆಗೇ ನಿಂತಿತು.

ಆ ಅಂಕಿ ನಾಲ್ಕು ಸಾಲುಗಳಲ್ಲಿ ಒಂದೊಂದರಲ್ಲೂ ಇರುವ ಉಚ್ಚಾರದ ತುಣುಕುಗಳದ್ದು, ಅಷ್ಟೇ. ‘ಅ’ಕ್ಕೂ ಒಂದೇ, ‘ಸೌಂಡ್’ಗೂ ಒಂದೇ. ಮೇಲಿನ ಸಾಲನ್ನು ಬೆರಳು ಮಡಚಿ ಎಣಿಸಿ, 8 ಬರುತ್ತದೆ. ಹ್ರಸ್ವ ದೀರ್ಘದ ಜಾಗದಲ್ಲಿ ಅವರು ನೋಡುವುದು ಒತ್ತನ್ನು: ಒಂದು ಸಡಿಲ, ಒಂದು ಬಿಗಿ, ಮತ್ತೆ ಸಡಿಲ, ಬಿಗಿ. ಅದನ್ನು ನಮ್ಮ ಲೆಕ್ಕಕ್ಕೆ ತಂದರೆ ಲಘು-ಗುರು. ಷಟ್ಪದಿಯ ಗಣ ಲಘು-ಗುರುವಿನಿಂದ ಶುರುವಾಗಬಾರದು ಅಂತಲೇ ನಮಗೆ ಕಲಿಸಿದ್ದು. ನಮ್ಮಲ್ಲಿ ನಿಷಿದ್ಧವಾದದ್ದೇ ಅವರ ಹಾಡಿನ ನಡೆ! ಇದು ಹೊಳೆದ ಮೇಲೆಯೇ ನಿದ್ದೆ ಬಂದದ್ದು.

ಈ ಹಾಡುಗಳು ಯಾಕೆ ಇಷ್ಟು ಬಾಳಿದವು ಅನ್ನುವುದಕ್ಕೂ ಅಂಕಿಯಲ್ಲೇ ಒಂದು ಉತ್ತರ ಇದೆ. ಲೆಕ್ಕ ಮತ್ತು ಒತ್ತು ಕೂಡಿದರೆ ಯಾವ ಮಾತನ್ನು ಯಾವ ಧಾಟಿಗೆ ಬೇಕಾದರೂ ಕೂರಿಸಬಹುದು. ನ್ಯೂಟನ್‌ನ ಮಾತಿಗೆ ಈಗಿನ ಧಾಟಿ ಜೊತೆಯಾದದ್ದು 1835ರಲ್ಲಿ, ಅಮೆರಿಕದಲ್ಲಿ. ಒಂದು ಧಾಟಿ ಗೊತ್ತಿದ್ದರೆ ಓದು ಬಾರದವರೂ ಹತ್ತು ಹಾಡು ಹಾಡುತ್ತಾರೆ. ನಮ್ಮ ಭಜನೆ ಮೇಳದವರು ಹಳೇ ಧಾಟಿಗೆ ಹೊಸ ಪದ ಕಟ್ಟುವುದಿಲ್ಲವೇ, ಹಾಗೆ.

ಕನ್ನಡಕ್ಕೆ ಬಂದಾಗ

ಕಷ್ಟ ಇಲ್ಲಿದೆ. ನಮ್ಮ ಪದಗಳಿಗೆ ಒತ್ತು ಮೊದಲ ಅಕ್ಷರದ ಮೇಲೆ. ‘ದೇವರು’ ಅಂತ ಆ ಧಾಟಿಯಲ್ಲಿ ಶುರುಮಾಡಿ: ‘ದೇ’ ಸಡಿಲ ಜಾಗಕ್ಕೆ ಬಿದ್ದು ‘ವ’ ಎಳೆದುಕೊಂಡು ‘ದೆವಾರು’ ಆಗುತ್ತದೆ. ಕನ್ನಡ ನಿಘಂಟಿನ ಪಾದ್ರಿ ಕಿಟೆಲ್ ‘ಕಥಾಮಾಲೆ’ಯಲ್ಲಿ (1862) ಕ್ರಿಸ್ತನ ಕಥೆಯನ್ನು ನಮ್ಮ ಹಾಡಿನ ಧಾಟಿಗೇ ಹೊಂದಿಸಿದ್ದು ಸುಮ್ಮನೆ ಅಲ್ಲ. ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದವನೂ (1875) ಅವನೇ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆ ಬಸಿಲಿಕಾಕ್ಕೆ ಹೋದಾಗ ಗಾನವೃಂದದ ಹುಡುಗಿಯೊಬ್ಬಳಿಗೆ ಇದನ್ನೇ ಕೇಳಿದೆ. ಅವಳು ನಕ್ಕಳು. ‘ಅದಕ್ಕೇನಕ್ಕಾ, ಮುಂದೊಂದು ಓ ಹಾಕ್ತೀವಿ. ಓ ದೇವರೇ.’ ಬಸ್ಸಿನಲ್ಲಿ ದಾವಣಗೆರೆ ತನಕ ಗುನುಗಿ ನೋಡಿದೆ. ‘ಓ’ ಸಡಿಲಕ್ಕೆ, ‘ದೇ’ ಬಿಗಿಗೆ. ಸರಿಯಾಗಿ ಕೂತಿತು.