ಖಾಸಗಿ ಟ್ಯೂಷನ್ ನಿಷೇಧ: ಶಾಲೆಯ ಮೇಷ್ಟ್ರು ಮನೆಪಾಠ ಹೇಳಬಾರದು ಅಂದರೆ ಏನು?

‘ಶಾಲೆ ಮೇಷ್ಟ್ರು ಟ್ಯೂಷನ್ ಮಾಡೋ ಹಾಗಿಲ್ಲ’ ಅನ್ನುವ ಮಾತನ್ನು ತುಂಬಾ ಜನ ಕೇಳಿರುತ್ತಾರೆ. ಅದು ಯಾವುದೋ ಹಳೇ ಸುತ್ತೋಲೆಯ ಮಾತಲ್ಲ, ಇಡೀ ದೇಶಕ್ಕೆ ಅನ್ವಯಿಸುವ ಕಾನೂನು. ನಾವು ಆರ್‌ಟಿಇ ಅಂತ ಕರೆಯುವ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 28ನೇ ಸೆಕ್ಷನ್ ಒಂದೇ ಸಾಲಿನದು: ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಅಥವಾ ಖಾಸಗಿ ಬೋಧನೆಯಲ್ಲಿ ತೊಡಗಬಾರದು.

ಆ ಸಾಲು ಎಷ್ಟು ಬಿಗಿಯಾಗಿದೆ ನೋಡಿ. ತನ್ನ ತರಗತಿಯ ಮಕ್ಕಳಿಗೆ ಮಾತ್ರ ಹೇಳಬಾರದು ಅಂತ ಅದರಲ್ಲಿಲ್ಲ. ಸರ್ಕಾರಿ ಶಿಕ್ಷಕರು ಮಾತ್ರ ಅಂತಲೂ ಇಲ್ಲ. ಅನುದಾನಿತ, ಅನುದಾನರಹಿತ ಶಾಲೆಗಳೂ ಕಾಯ್ದೆಯ ಒಳಗೇ ಬರುತ್ತವೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಮಾತ್ರ 2014ರಲ್ಲಿ ಸುಪ್ರೀಂ ಕೋರ್ಟ್ ಹೊರಗಿಟ್ಟಿತು. ಆದರೆ ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಒಂದರಿಂದ ಎಂಟನೇ ತರಗತಿವರೆಗೆ. ಹೈಸ್ಕೂಲು, ಪಿಯು ಕಾಲೇಜುಗಳ ಸರ್ಕಾರಿ ಶಿಕ್ಷಕರನ್ನು ಕಟ್ಟಿಹಾಕುವುದು ಸೇವಾ ನಿಯಮ. ಅನುಮತಿ ಇಲ್ಲದೆ ಬೇರೆ ವ್ಯಾಪಾರ, ಬೇರೆ ಉದ್ಯೋಗ ಮಾಡುವಂತಿಲ್ಲ ಅನ್ನುವುದು ಎಲ್ಲ ಸರ್ಕಾರಿ ನೌಕರರಿಗೂ ಇರುವ ಕಟ್ಟಳೆ.

ಹಾಗಂತ ಟ್ಯೂಷನ್ನೇ ಅಪರಾಧ ಅಲ್ಲ. ಪಕ್ಕದ ಬೀದಿಯ ಪದವೀಧರೆ ಸಂಜೆ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಈ ಸೆಕ್ಷನ್ ಅವಳ ತಂಟೆಗೆ ಬರುವುದಿಲ್ಲ. ದಕ್ಷಿಣ ಕೊರಿಯಾ 1980ರಲ್ಲಿ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿ ನೋಡಿತು. ಅಷ್ಟು ದೂರ ಹೋಗುವಂತಿಲ್ಲ ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2000ದಲ್ಲಿ ಹೇಳಿತು. ಶಾಲಾ ಶಿಕ್ಷಕರ ಮೇಲಿನ ನಿಷೇಧ ಮಾತ್ರ ಅಲ್ಲೂ ಉಳಿದಿದೆ.

ಶಿಕ್ಷಕರಿಗೇ ಯಾಕೆ? ಅವರ ಕೈಯಲ್ಲಿ ಅಂಕ ಇದೆ. ನಮ್ಮ ಎಸ್ಎಸ್ಎಲ್‌ಸಿಯಲ್ಲಿ 100ಕ್ಕೆ 20 ಅಂಕ ಆಂತರಿಕ ಮೌಲ್ಯಮಾಪನದ್ದು, ಅದನ್ನು ಕೊಡುವುದು ಶಾಲೆಯೇ. ಅಂಕ ಕೊಡುವವರೇ ಸಂಜೆ ಫೀಸು ತೆಗೆದುಕೊಂಡರೆ, ‘ನಮ್ಮ ಮಗುವನ್ನ ಕಳಿಸಲ್ಲ’ ಅಂತ ಹೇಳುವ ಧೈರ್ಯ ಯಾವ ಅಪ್ಪ ಅಮ್ಮನಿಗೆ ಬರುತ್ತದೆ? ಮೇಷ್ಟ್ರು ಬಾಯಿಬಿಟ್ಟು ಕೇಳಬೇಕಾಗಿಯೂ ಇಲ್ಲ. ತರಗತಿಯಲ್ಲಿ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ‘ಉಳಿದದ್ದು ಸಂಜೆ’ ಅಂದರೆ ಸಾಕು. ಫೀಸು ಕೊಡಲಾಗದ ಮಗು ಅಲ್ಲೇ ಹಿಂದೆ ಬೀಳುತ್ತದೆ. ನನಗೆ ಈ ನಿಯಮ ಸರಿ ಅನ್ನಿಸುವುದು ಮುಖ್ಯವಾಗಿ ಆ ಮಗುವಿಗಾಗಿ.

ಇದರ ಜೊತೆಗೇ ಓದಬೇಕಾದ ಇನ್ನೊಂದು ಸೆಕ್ಷನ್ 24. ಅದರ ಬಗ್ಗೆ ಮಾತಾಡುವವರು ಕಡಿಮೆ. ಶಿಕ್ಷಕರು ಪಠ್ಯವನ್ನು ಸಮಯಕ್ಕೆ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆ ಎಲ್ಲಿದೆ ಅಂತ ನೋಡಬೇಕು, ಬೇಕಿದ್ದರೆ ಹೆಚ್ಚುವರಿ ಪಾಠ ಹೇಳಬೇಕು ಅಂತ ಅದು ಹೇಳುತ್ತದೆ. ಅಂದರೆ ಹಿಂದುಳಿದ ಮಗುವಿಗೆ ಇನ್ನೊಂದು ಸಲ ಹೇಳಿಕೊಡುವುದು ಉಪಕಾರ ಅಲ್ಲ, ಸಂಬಳದ ಕೆಲಸವೇ. ಹಿಂದಿನ ತರಗತಿಯ ಪಾಠ ನೆನಪಿಸುವ ವರ್ಷದ ಶುರುವಿನ ಸೇತುಬಂಧ, ಹಿಂದುಳಿದವರಿಗೆ ಮತ್ತೆ ಹೇಳುವ ಪರಿಹಾರ ಬೋಧನೆ, ಪರೀಕ್ಷೆಗೆ ಮುಂಚಿನ ವಿಶೇಷ ತರಗತಿ ಎಲ್ಲ ಈ ಸಾಲಿಗೇ ಸೇರುತ್ತವೆ. ಶಾಲೆ ನಡೆಸುವ ಇಂಥ ಪಾಠಕ್ಕೆ ನಿಷೇಧ ತಟ್ಟುವುದಿಲ್ಲ.

ಸೋಲುವುದು ಜಾರಿಯಲ್ಲಿ. ಸೀಟು ಕೊಡಲು ಶಾಲೆ ಕೇಳುವ ಡೊನೇಷನ್ನಿಗೆ, ಅಂದರೆ ಕ್ಯಾಪಿಟೇಷನ್ ಫೀಸಿಗೆ, ಇದೇ ಕಾಯ್ದೆ ದಂಡ ಹೇಳುತ್ತದೆ, ಟ್ಯೂಷನ್‌ಗೆ ಹೇಳಿಲ್ಲ. ಕ್ರಮ ಏನಿದ್ದರೂ ಶಾಲೆ, ಇಲಾಖೆಯ ಶಿಸ್ತಿನ ನಿಯಮದ ಮೂಲಕ ಆಗಬೇಕು. ಮನೆಯೊಳಗಿನ ಪಾಠಕ್ಕೆ ರಸೀದಿ ಇರುವುದಿಲ್ಲ, ಹೆಂಡತಿ ಹೆಸರಲ್ಲಿ ಬೋರ್ಡು ಹಾಕಿದರೆ ಕೇಳುವವರಿಲ್ಲ. ಮಗು ಅದೇ ಶಾಲೆಯಲ್ಲಿ ಓದುತ್ತಿರುವಾಗ ದೂರು ಕೊಡಲು ಯಾರಿಗಾದರೂ ಭಯವೇ, ಅಲ್ವಾ? ಇನ್ನೊಂದು ಕಡೆಯೂ ಇದೆ. ಅತಿಥಿ ಶಿಕ್ಷಕರಿಗೆ, ಸಣ್ಣ ಖಾಸಗಿ ಶಾಲೆಗಳ ಟೀಚರ್‌ಗಳಿಗೆ ಸಿಗುವ ಸಂಬಳದಲ್ಲಿ ಮನೆ ನಡೆಯುವುದು ಕಷ್ಟ. ಅವರಿಗೆ ನೆಟ್ಟಗೆ ಸಂಬಳ ಕೊಡದೆ ಸುಮ್ನೆ ನಿಯಮ ತೋರಿಸುವುದು ನ್ಯಾಯ ಅಲ್ಲ.

ತರಗತಿಯಲ್ಲಿ ಪಾಠ ಆಗುತ್ತಿಲ್ಲ, ಟ್ಯೂಷನ್‌ಗೆ ಬಾ ಅನ್ನುತ್ತಿದ್ದಾರೆ ಅನ್ನುವ ಪೋಷಕರು ಮೊದಲು ಮುಖ್ಯ ಶಿಕ್ಷಕರಿಗೆ ಹೇಳಬಹುದು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾ ಸಮಿತಿ ಇದೆ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯಿತಿ, ನಗರಸಭೆಯಂಥ ಸಂಸ್ಥೆಗೆ) ಬರಹದಲ್ಲಿ ದೂರು ಕೊಟ್ಟರೆ, 32ನೇ ಸೆಕ್ಷನ್ ಪ್ರಕಾರ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಅದು ಒಪ್ಪಿಗೆ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.