ಬಿಸಿಲಿಗೆ ಒಣಗಿದ ಕಡಲಪಾಚಿ ಮತ್ತೆ ಜೀವ ಹಿಡಿಯುವುದು ಹೇಗೆ?

ಪ್ರಶ್ನೆ: ಕಾಪು, ಸೋಮೇಶ್ವರದ ಬಂಡೆಗಳ ಮೇಲಿನ ಹಸಿರು ಪಾಚಿ ಬೇಸಿಗೆಯ ಇಳಿತದಲ್ಲಿ ಗರಿಗರಿಯಾಗಿ ಒಣಗುತ್ತದೆ. ನೀರು ಏರಿದರೆ ಏನೂ ಆಗಿಲ್ಲದಂತೆ ಅಲೆಯಲ್ಲಿ ಆಡುತ್ತದೆ. ಅದರಲ್ಲಿ ಬಿಸಿ ತಡೆಯುವ ‘ಹೀಟ್ ಶಾಕ್ ಪ್ರೊಟೀನ್’ ಇದೆಯಂತೆ, ಹೌದಾ?

ಉತ್ತರ: ಪ್ರೊಟೀನ್ ಇದೆ. ಪಾಚಿ ಉಳಿಯುವುದರಲ್ಲಿ ಅದರ ಪಾಲೂ ಇದೆ. ಆದರೆ ಅದು ಬಿಸಿಯನ್ನು ತಡೆಯುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಬೇಸಿಗೆ ಬಂದ ಕೂಡಲೇ ಅದೇ ಮಾತು ತಿರುಗಿ ಬರುತ್ತದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ನೀವು ನೋಡಿದ್ದು ಹೆಚ್ಚಾಗಿ ಉಲ್ವಾ ಇರಬೇಕು. ಅಗಲ ಎಲೆಯಂಥದ್ದು, ಕೊಳವೆಯಂಥದ್ದು, ಎರಡೂ ನಮ್ಮ ಕರಾವಳಿಯಲ್ಲಿವೆ. ಕೊಳವೆಯಂಥದ್ದನ್ನು ಹಿಂದೆ ಎಂಟೆರೋಮಾರ್ಫಾ ಎಂದು ಬೇರೆ ಇಡುತ್ತಿದ್ದರು. ಡಿಎನ್‌ಎ ನೋಡಿದ ಮೇಲೆ, 2003ರಲ್ಲಿ, ಎರಡನ್ನೂ ಉಲ್ವಾ ಎಂದೇ ಸೇರಿಸಿದರು. ಅಗಲ ಎಲೆಯ ಉಲ್ವಾದ ದಪ್ಪ ಎಷ್ಟು ಗೊತ್ತಾ? ಬರೀ ಎರಡು ಜೀವಕೋಶ. ಬಿಸಿಯಿಂದ ಬಚ್ಚಿಟ್ಟುಕೊಳ್ಳಲು ಒಳಗೆ ತಂಪು ಜಾಗವೇ ಇಲ್ಲ. ಒದ್ದೆ ಇರುವಷ್ಟು ಹೊತ್ತು ನೀರು ಆವಿಯಾಗಿ ಸ್ವಲ್ಪ ತಂಪು ಸಿಗುತ್ತದೆ. ಆಮೇಲೆ ಬಂಡೆ ಕಾದಂತೆ ಅದೂ ಕಾಯುತ್ತದೆ. ಯಾವ ಪ್ರೊಟೀನೂ ಅದನ್ನು ನಿಲ್ಲಿಸಲಾರದು.

ಹಾಗಾದರೆ ಅದರ ಕೆಲಸವೇನು? ಪ್ರತಿ ಪ್ರೊಟೀನೂ ಒಂದು ರೀತಿಯಲ್ಲಿ ಮಡಚಿಕೊಂಡಿರುತ್ತದೆ, ಅದೇ ಅದರ ಮಡಿಕೆ. ಜಾಸ್ತಿ ಕಾದರೆ ಮಡಿಕೆ ಬಿಚ್ಚುತ್ತದೆ. ಒಳಗಿದ್ದ, ನೀರಿಗೆ ಸೇರದ ಭಾಗಗಳು ಹೊರಬಂದು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾಗುವುದೂ ಹೀಗೆಯೇ. ಎಚ್‌ಎಸ್‌ಪಿ70 ಎನ್ನುವ ಹೀಟ್ ಶಾಕ್ ಪ್ರೊಟೀನ್ ಬಿಚ್ಚಿದ ಆ ಭಾಗಗಳನ್ನು ಹಿಡಿದುಕೊಳ್ಳುತ್ತದೆ, ಗಂಟಾಗಲು ಬಿಡುವುದಿಲ್ಲ. ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಆಗಲೇ ಗಂಟಾಗಿದ್ದರೆ ಎಚ್‌ಎಸ್‌ಪಿ100 ಗುಂಪಿನವು ಅದನ್ನು ಎಳೆದು ಬಿಡಿಸುತ್ತವೆ. ಅಂದರೆ ಬಿಸಿ ಒಳಗೆ ಬರುತ್ತದೆ, ಹಾಳೂ ಮಾಡುತ್ತದೆ. ಹಾಳಾದದ್ದನ್ನು ಇವು ರಿಪೇರಿ ಮಾಡುತ್ತವೆ.

‘ಸರಿ, ಆದರೂ ಬಿಸಿಯಾದಾಗ ಮಾತ್ರ ಹುಟ್ಟುತ್ತವಲ್ಲಾ?’ ಇದೇ ನೋಡಿ ಬಿಟ್ಟು ಹೋಗದ ತಪ್ಪು ಕಲ್ಪನೆ! ಇಟಲಿಯ ಫೆರುಚ್ಚೋ ರಿತೋಸಾ 1962ರಲ್ಲಿ ಹಣ್ಣಿನ ನೊಣದ ಮರಿಗಳ ಉಷ್ಣತೆ ಏರಿದಾಗ ಕ್ರೋಮೋಸೋಮಿನ ಕೆಲವು ಜಾಗಗಳು ಉಬ್ಬುವುದನ್ನು ವರದಿ ಮಾಡಿದರು. ಉಬ್ಬಿದೆ ಎಂದರೆ ಅಲ್ಲಿನ ಜೀನ್ ಚಾಲೂ ಆಗಿದೆ ಎಂದರ್ಥ. ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಕೊಟ್ಟರೂ ಅವೇ ಜಾಗಗಳು ಉಬ್ಬುತ್ತವೆ ಎಂದು ಆ ಮೊದಲ ವರದಿಯಲ್ಲೇ ಇದೆ. ಈ ಅರ್ಧವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. 1986ರಲ್ಲಿ ಇನ್ನೂ ಸ್ಪಷ್ಟವಾದ ಪ್ರಯೋಗ ನಡೆಯಿತು. ಮಡಿಕೆ ಕೆಡಿಸಿದ ಪ್ರೊಟೀನನ್ನು ಕಪ್ಪೆಯ ಅಂಡಕೋಶಕ್ಕೆ ಚುಚ್ಚಿದರು. ಕೋಶವನ್ನು ಬಿಸಿ ಮಾಡಲೇ ಇಲ್ಲ. ಆದರೂ ಹೀಟ್ ಶಾಕ್ ಜೀನ್ ಚಾಲೂ ಆಯಿತು. ಕೋಶ ಗಮನಿಸುವುದು ಒಳಗೆ ಎಷ್ಟು ಪ್ರೊಟೀನ್ ಕೆಟ್ಟಿದೆ ಎಂಬುದನ್ನು. ಥರ್ಮಾಮೀಟರಿನಲ್ಲಿ ಎಷ್ಟಿದ್ದರೆ ಅದಕ್ಕೇನು?

ಉಲ್ವಾದ ದೂರದ ನೆಂಟ, ಕ್ಲಾಮಿಡೋಮೋನಾಸ್ ಎಂಬ ಒಂದೇ ಕೋಶದ ಹಸಿರು ಪಾಚಿಯನ್ನು ಕತ್ತಲೆಯಿಂದ ಬೆಳಕಿಗೆ ತಂದರೆ ಸಾಕು, ಉಷ್ಣತೆ ಬದಲಾಗದಿದ್ದರೂ ಅದರ ಎಚ್‌ಎಸ್‌ಪಿ70 ಜೀನ್‌ಗಳು ಎಚ್ಚರಗೊಳ್ಳುತ್ತವೆ. ಇನ್ನು ಏನೂ ಕಷ್ಟವಿಲ್ಲದ ದಿನದಲ್ಲೂ ಈ ಬಳಗ ಕೋಶದಲ್ಲಿ ಇದ್ದೇ ಇರುತ್ತದೆ. ಆಗಷ್ಟೇ ತಯಾರಾದ ಪ್ರೊಟೀನ್ ಮಡಚಿಕೊಳ್ಳಲು, ಬೆಳಕಿನಿಂದ ಆಹಾರ ತಯಾರಿಸುವ ಕೋಶದ ಭಾಗವಾದ ಕ್ಲೋರೋಪ್ಲಾಸ್ಟ್ ಒಳಗೆ ದಾಟಲು ಇದರ ಕೈ ಬೇಕೇ ಬೇಕು.

ಬಂಡೆಯ ಮೇಲಿನ ಪಾಚಿಗೆ ಬಿಸಿ ಒಂದೇ ಕಷ್ಟವೂ ಅಲ್ಲ. ನೀರು ಆರಿದಾಗ ಉಪ್ಪು ಏರುತ್ತದೆ. ಬೆಳಕು ಅತಿಯಾಗಿ ಕ್ಲೋರೋಪ್ಲಾಸ್ಟನ್ನು ಸುಡುತ್ತದೆ. ಮಳೆಗಾಲದಲ್ಲಿ ಉಲ್ಟಾ: ಕಾರವಾರದಲ್ಲಿ ಕಾಳಿ ನದಿ ಸಿಹಿನೀರು ತಂದು ಸುರಿದಾಗ ಉಪ್ಪು ಕುಸಿಯುತ್ತದೆ. ಇದಕ್ಕೆಲ್ಲ ಹೀಟ್ ಶಾಕ್ ಪ್ರೊಟೀನ್ ಜೊತೆಗೆ ಆಮ್ಲಜನಕದ ವಿಷಕಾರಿ ರೂಪಗಳನ್ನು ತಟಸ್ಥ ಮಾಡುವ ಎನ್‌ಜೈಮ್‌ಗಳೂ ದುಡಿಯುತ್ತವೆ. ಮತ್ತೆ ಒಂದರ ಮೇಲೊಂದು ಬಿದ್ದ ಎಲೆಗಳಲ್ಲಿ ಮೇಲಿನದು ಒಣಗಿದರೂ ಕೆಳಗಿನದು ಒದ್ದೆಯಾಗಿರುತ್ತದೆ. ನೀವು ನೋಡಿದ ಪಾಚಿ ಉಳಿದದ್ದರಲ್ಲಿ ಈ ಸರಳ ಕಾರಣಕ್ಕೂ ದೊಡ್ಡ ಪಾಲು ಇರಬಹುದು.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ಕೆಲವೊಮ್ಮೆ ಉಲ್ವಾದ ಅಂಚು ಬೆಳ್ಳಗಾಗಿರುತ್ತದೆ, ಅಲ್ವಾ? ಬಿಸಿಲಿಗೆ ಸತ್ತಿತು ಎಂದು ಸುಮ್ನೆ ತೀರ್ಮಾನ ಮಾಡಬೇಡಿ. ಒಣಗಿದಾಗ, ಹರಿದಾಗ, ಉಷ್ಣತೆ ಏರುಪೇರಾದಾಗ ಉಲ್ವಾ ತನ್ನ ಅಂಚಿನ ಕೋಶಗಳನ್ನು ಸಂತಾನಕೋಶಗಳಾಗಿ ಬದಲಿಸಬಲ್ಲದು. ಅವು ಈಜಿ ಹೊರಹೋದ ಮೇಲೆ ಉಳಿಯುವುದು ಖಾಲಿ ಗೋಡೆಗಳು, ಅದಕ್ಕೇ ಬಿಳಿ. ಮೈಕ್ರೋಸ್ಕೋಪ್ ಸಿಕ್ಕರೆ ಅಂಚು ಬಿಳಿಯಾಗುವ ಮುಂಚೆಯೇ ಒಂದು ತುಂಡನ್ನು ಹೊಸ ಕಡಲನೀರಿನಲ್ಲಿಟ್ಟು ನೋಡಿ. ಎರಡು ಬಾಲದವು ಕಂಡರೆ ಗ್ಯಾಮೀಟ್ (ಜೋಡಿ ಸೇರಿ ಹೊಸ ಪಾಚಿಯಾಗುವ ಕೋಶ), ಅವು ಬೆಳಕಿನತ್ತ ಈಜುತ್ತವೆ. ನಾಲ್ಕು ಬಾಲದವು ಕಂಡರೆ ಸ್ಪೋರ್ (ಒಂಟಿಯಾಗಿಯೇ ಹೊಸ ಪಾಚಿಯಾಗುವ ಕೋಶ), ಬೆಳಕಿನಿಂದ ದೂರ ಸರಿದು ಅಂಟಿಕೊಳ್ಳಲು ಬಂಡೆ ಹುಡುಕುತ್ತವೆ.